ಹೊಸಬರಿಗೆ ಮೇಲ್ ಐಡಿ ತಾನಾಗಿ ಬರುತ್ತಿಲ್ಲ: ಎಕ್ಸ್‌ಚೇಂಜ್‌ನಲ್ಲಿ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಒಂದು ಕಾರ್ಖಾನೆ. ಆಫೀಸಿನಲ್ಲೇ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ 2019 ಮೇಲ್ ಸರ್ವರ್ ಇದೆ, ಸುಮಾರು 450 ಮೇಲ್‌ಬಾಕ್ಸ್. 2003ರ ಎಕ್ಸ್‌ಚೇಂಜ್‌ನಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದದ್ದು. ಕಳೆದ ತಿಂಗಳು ಮೇಲ್ ಐಡಿಗಳನ್ನು 'ಹೆಸರು.ಇನಿಷಿಯಲ್' ಮಾದರಿಗೆ ತನ್ನಿ ಎಂದು ಮ್ಯಾನೇಜ್‌ಮೆಂಟ್ ಹೇಳಿತು. ಹೊಸ ಪಾಲಿಸಿ (ಐಡಿ ಹೇಗಿರಬೇಕು ಅನ್ನುವ ನಿಯಮ) ಮಾಡಿದೆ. ಆಮೇಲೆ ಸೇರಿದವರಲ್ಲಿ ಕೆಲವರಿಗೆ ಸರಿಯಾದ ಐಡಿ ಬಂತು. ಕೆಲವರಿಗೆ ಕೊನೆಯಲ್ಲಿ 'ಡಾಟ್ ಲೋಕಲ್' ಇರುವ ಐಡಿ ಬಂತು. ಇಬ್ಬರಿಗೆ ಏನೂ ಬರಲಿಲ್ಲ. ಒಬ್ಬರಿಗೆ 'ಮಂಜುನಾಥ್.ಕೆ2' ಅಂತ ಬಂದು ಅವರು ಸಿಟ್ಟಾಗಿದ್ದಾರೆ. ಹಳಬರಲ್ಲಿ ಯಾರಿಗೂ ಬದಲಾಗಿಲ್ಲ. ಸರ್ವರ್ ಎರಡು ಸಲ ರೀಸ್ಟಾರ್ಟ್ ಮಾಡಿಯೂ ನೋಡಿದೆ. ಏನು ಮಾಡಲಿ?

ಉತ್ತರ: ಮೊದಲು ಆ ರೀಸ್ಟಾರ್ಟ್ ಮಾಡೋದನ್ನು ನಿಲ್ಲಿಸಿ. ಅದರಿಂದ ಏನೂ ಆಗುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ನೀವು 2003ರಿಂದ ಬಂದವರು ಅಂದಿರಲ್ಲ, ಆ ಕಾಲದಲ್ಲಿ ಇದಕ್ಕೇ ಒಂದು ಸೇವೆ ಇತ್ತು. ಹೆಸರು ರಿಸಿಪಿಯೆಂಟ್ ಅಪ್‌ಡೇಟ್ ಸರ್ವಿಸ್, ನಾವೆಲ್ಲ ಆರ್‌ಯುಎಸ್ ಅನ್ನುತ್ತಿದ್ದೆವು. ಎಕ್ಸ್‌ಚೇಂಜ್ 2000 ಮತ್ತು 2003ರಲ್ಲಿ ಅದು ಹಿಂದೆ ಕೂತು ಆ್ಯಕ್ಟಿವ್ ಡೈರೆಕ್ಟರಿಯನ್ನು, ಅಂದರೆ ಕಂಪನಿಯ ಎಲ್ಲ ಅಕೌಂಟ್‌ಗಳ ದಾಖಲೆಯನ್ನು, ಆಗಾಗ ನೋಡುತ್ತಾ, ಹೊಸಬರು ಕಂಡರೆ ವಿಳಾಸ ಬರೆದು ಹೋಗುತ್ತಿತ್ತು. ಯೂಸರ್ ಮಾಡಿ, ಚಹಾ ಕುಡಿದು ಬಂದರೆ ಐಡಿ ಬಂದಿರುತ್ತಿತ್ತು. ಬರದಿದ್ದರೆ ಸರ್ವಿಸ್ ಒಂದು ಸಲ ರೀಸ್ಟಾರ್ಟ್. ಆ ಅಭ್ಯಾಸ ನಮ್ಮ ಕೈಯಿಂದ ಇನ್ನೂ ಹೋಗಿಲ್ಲ.

ಎಕ್ಸ್‌ಚೇಂಜ್ 2007ರಲ್ಲಿ ಆರ್‌ಯುಎಸ್ ಅನ್ನು ತೆಗೆದುಹಾಕಿದರು. ಅದರ ಜಾಗಕ್ಕೆ ಬಂದದ್ದು ಇಮೇಲ್ ಅಡ್ರೆಸ್ ಪಾಲಿಸಿ. ಇದು ಕಾವಲು ಕೂರುವುದಿಲ್ಲ. ಯಾರಾದರೂ ಎಕ್ಸ್‌ಚೇಂಜ್‌ನ ಕಮಾಂಡಿನಿಂದಲೋ ಅಡ್ಮಿನ್ ಸೆಂಟರ್‌ನಿಂದಲೋ ಮೇಲ್‌ಬಾಕ್ಸ್ ಮಾಡಿದಾಗ, ತಿದ್ದಿದಾಗ, ಅಥವಾ ಪಾಲಿಸಿಯನ್ನು ಅಪ್ಲೈ ಮಾಡಿದಾಗ, ಆ ಕ್ಷಣದಲ್ಲಿ ವಿಳಾಸ ಹುಟ್ಟುತ್ತದೆ. ಯಾರೂ ಮುಟ್ಟದಿದ್ದರೆ ವರ್ಷ ಕಾದರೂ ಹುಟ್ಟುವುದಿಲ್ಲ. ಹಾಗಾಗಿ ನಿಮ್ಮ ನಾಲ್ಕೂ ದೂರುಗಳಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಕೌಂಟನ್ನು ಕೊನೆಗೆ ಯಾರು, ಯಾವುದರಿಂದ ಮುಟ್ಟಿದರು?

(ಕಮಾಂಡ್‌ಗಳನ್ನೂ ಟೆಂಪ್ಲೇಟ್ ಗುರುತುಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ.)

ಸುಲಭದ್ದು ಮೊದಲು. ಹಳಬರಿಗೆ ಯಾಕೆ ಬದಲಾಗಿಲ್ಲ? ಪಾಲಿಸಿ ಸೇವ್ ಮಾಡಿದ್ದೀರಿ, ಅಪ್ಲೈ ಮಾಡಿಲ್ಲ. ಇವೆರಡೂ ಬೇರೆ ಬೇರೆ ಕೆಲಸ. ಅಡ್ಮಿನ್ ಸೆಂಟರ್‌ನಲ್ಲಿ ಮೇಲ್ ಫ್ಲೋ ಒಳಗೆ ಇಮೇಲ್ ಅಡ್ರೆಸ್ ಪಾಲಿಸಿಗಳ ಪಟ್ಟಿ ಇದೆಯಲ್ಲ, ಅಲ್ಲಿ ನಿಮ್ಮ ಪಾಲಿಸಿಯ ಮುಂದೆ 'ಅನ್‌ಅಪ್ಲೈಡ್' ಅಂತ ಕಾಣಬಹುದು. ಬಲಗಡೆಯ ವಿವರದಲ್ಲಿ 'ಅಪ್ಲೈ' ಅನ್ನುವ ಲಿಂಕ್ ಇರುತ್ತದೆ. ಕಮಾಂಡ್ ಟೈಪ್ ಮಾಡುವ ಶೆಲ್‌ನಲ್ಲಾದರೆ ಸೆಟ್-ಇಮೇಲ್‌ಅಡ್ರೆಸ್‌ಪಾಲಿಸಿ ಬರೀ ನಿಯಮವನ್ನು ಬರೆದಿಡುತ್ತದೆ, ಅಪ್‌ಡೇಟ್-ಇಮೇಲ್‌ಅಡ್ರೆಸ್‌ಪಾಲಿಸಿ ಅದನ್ನು ಜನರ ಮೇಲೆ ಜಾರಿ ಮಾಡುತ್ತದೆ.

ಆದರೆ ತಡೆಯಿರಿ, ಓದಿದ ಕೂಡಲೇ ಹೋಗಿ ಆ ಲಿಂಕ್ ಒತ್ತಬೇಡಿ.

ನಾನು ಒತ್ತಿದ್ದೇನೆ. ಹಿಂದೆ ಒಂದು ಕಂಪನಿಯಲ್ಲಿ, ಶುಕ್ರವಾರ ಸಂಜೆ, ಮನೆಗೆ ಹೊರಡುವ ಗಡಿಬಿಡಿಯಲ್ಲಿ. ನೂರಾರು ಜನರ ಪ್ರೈಮರಿ ವಿಳಾಸ, ಅಂದರೆ ಅವರು ಕಳಿಸುವ ಮೇಲ್‌ನಲ್ಲಿ ಕಾಣುವ ವಿಳಾಸ, ಹದಿನೈದು ನಿಮಿಷದಲ್ಲಿ ಬದಲಾಯಿತು. ಹಳೆಯ ವಿಳಾಸಗಳು ಅಳಿಯಲಿಲ್ಲ, ಸೆಕೆಂಡರಿಯಾಗಿ ಉಳಿದವು, ಆದ್ದರಿಂದ ಒಳಗೆ ಬರುವ ಮೇಲ್ ಒಂದೂ ತಪ್ಪಲಿಲ್ಲ. ತೊಂದರೆ ಆದದ್ದು ಹೊರಗೆ ಹೋಗುವ ಮೇಲ್‌ನಲ್ಲಿ. ಅಕೌಂಟ್ಸ್‌ನವರು ಬ್ಯಾಂಕಿಗೆ ಕಳಿಸಿದ ಮೇಲ್ 'ಈ ವಿಳಾಸ ನಮ್ಮಲ್ಲಿ ನೋಂದಣಿ ಆಗಿಲ್ಲ' ಅಂತ ವಾಪಸ್ ಬಂತು, ಗಿರಾಕಿಯೊಬ್ಬರು ಇದು ಮೋಸದ ಮೇಲ್ ಇರಬೇಕು ಅಂದುಕೊಂಡು ಫೋನ್ ಮಾಡಿದರು, ಡೈರೆಕ್ಟರ್ ಹೊಸದಾಗಿ ಪ್ರಿಂಟ್ ಹಾಕಿಸಿದ್ದ ವಿಸಿಟಿಂಗ್ ಕಾರ್ಡಿನ ಕಟ್ಟನ್ನು ನನ್ನ ಮೇಜಿನ ಮೇಲೆ ತಂದಿಟ್ಟು ಏನೂ ಮಾತಾಡದೆ ಹೋದರು. ಸೋಮವಾರ ಪೂರ್ತಿ ಅದರಲ್ಲೇ ಕಳೆಯಿತು.

ಅದಕ್ಕೇ ಅಪ್ಲೈ ಮಾಡುವ ಮುಂಚೆ ಈಗಿರುವ ಎಲ್ಲರ ವಿಳಾಸಗಳನ್ನೂ ಒಂದು ಸಿಎಸ್‌ವಿ ಫೈಲಿಗೆ ಇಳಿಸಿಕೊಳ್ಳಿ. ಗೆಟ್-ಮೇಲ್‌ಬಾಕ್ಸ್ ಹೊಡೆದು, ಹೆಸರು, ಏಲಿಯಾಸ್ (ಎಕ್ಸ್‌ಚೇಂಜ್ ಒಳಗಿನ ಚಿಕ್ಕ ಹೆಸರು), ಪ್ರೈಮರಿ ವಿಳಾಸ, ಎಲ್ಲ ವಿಳಾಸಗಳು, ಇಮೇಲ್‌ಅಡ್ರೆಸ್‌ಪಾಲಿಸಿಎನೇಬಲ್ಡ್ (ಇವರಿಗೆ ಪಾಲಿಸಿ ತಾಗಬೇಕೇ ಅನ್ನುವ ಟಿಕ್) ಇಷ್ಟನ್ನು ಎಕ್ಸ್‌ಪೋರ್ಟ್ ಮಾಡಿ. ನಿಮ್ಮಲ್ಲಿ 450 ಇದ್ದರೂ ರಿಸಲ್ಟ್‌ಸೈಜ್ ಅನ್‌ಲಿಮಿಟೆಡ್ ಕೊಡುವುದನ್ನು ರೂಢಿ ಮಾಡಿಕೊಳ್ಳಿ, ಯಾಕೆಂದರೆ ಅದು ಕೊಡದಿದ್ದರೆ ಆ ಕಮಾಂಡ್ 1000ಕ್ಕೇ ನಿಲ್ಲುತ್ತದೆ. ಇನ್ನೊಂದು ಉಪಾಯವಿದೆ. ಹೊಸ ವಿಳಾಸವೂ ಇರಲಿ, ಪ್ರೈಮರಿ ಮಾತ್ರ ಈಗಲೇ ಬದಲಾಗುವುದು ಬೇಡ ಅನ್ನಿಸಿದರೆ ಅಪ್‌ಡೇಟ್ ಕಮಾಂಡಿಗೆ 'ಅಪ್‌ಡೇಟ್‌ಸೆಕೆಂಡರಿಅಡ್ರೆಸೆಸ್‌ಓನ್ಲಿ' ಅನ್ನುವ ಸ್ವಿಚ್ ಕೊಡಬಹುದು. ಬಾಗಿಲು ಮೊದಲು ತೆರೆದಿಟ್ಟು, ಬೋರ್ಡು ಆಮೇಲೆ ಬದಲಿಸಿದ ಹಾಗೆ.

ಈಗ 'ಡಾಟ್ ಲೋಕಲ್' ಬಂದವರ ವಿಷಯ. ಇಲ್ಲಿ ತಪ್ಪಾಗಿ ಬಂದ ವಿಳಾಸವೇ ಸಾಕ್ಷಿ, ಸ್ವಲ್ಪ ಗಮನ ಇಟ್ಟು ನೋಡಿ. ಎಕ್ಸ್‌ಚೇಂಜ್ ಮೊದಲ ಸಲ ಹಾಕಿದಾಗ ನಿಮ್ಮ ಆ್ಯಕ್ಟಿವ್ ಡೈರೆಕ್ಟರಿ ಡೊಮೈನಿನ ಹೆಸರಿನಲ್ಲಿ ಒಂದು 'ಡಿಫಾಲ್ಟ್ ಪಾಲಿಸಿ' ತಾನಾಗಿ ಹುಟ್ಟುತ್ತದೆ. ಟೆಂಪ್ಲೇಟ್ ಸರಳ, ಏಲಿಯಾಸ್ ಮತ್ತು ಆ ಡೊಮೈನ್. ಹುಡುಗರಿಗೆ ಏಲಿಯಾಸ್@ಡಾಟ್ ಲೋಕಲ್ ಬಂದಿದೆ ಎಂದರೆ ಅವರು ನಿಮ್ಮ ಹೊಸ ಪಾಲಿಸಿಯ ಕೈಗೆ ಸಿಕ್ಕೇ ಇಲ್ಲ, ಜಾರಿ ಕೆಳಗಿನ ಡಿಫಾಲ್ಟ್‌ಗೆ ಬಿದ್ದಿದ್ದಾರೆ.

ಒಬ್ಬರಿಗೆ ಒಂದೇ ಪಾಲಿಸಿ ತಾಗುತ್ತದೆ. ಪ್ರಯಾರಿಟಿಯ ಕ್ರಮದಲ್ಲಿ ಮೇಲಿಂದ ನೋಡುತ್ತಾ ಬಂದು ಮೊದಲು ಯಾವುದು ಹೊಂದಿತೋ ಅದು, ಅಷ್ಟೇ, ಅದರ ಕೆಳಗಿನದನ್ನು ನೋಡುವುದಿಲ್ಲ. ಡಿಫಾಲ್ಟ್ ಯಾವಾಗಲೂ ಎಲ್ಲಕ್ಕಿಂತ ಕೆಳಗೆ. ಎರಡು ಪಾಲಿಸಿ ಇದ್ದರೆ ಎರಡರ ವಿಳಾಸವೂ ಸೇರುತ್ತವೆ ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ, ಹಾಗಿಲ್ಲ. ಎರಡು ವಿಳಾಸ ಬೇಕಿದ್ದರೆ ಒಂದೇ ಪಾಲಿಸಿಯೊಳಗೆ ಎರಡು ಟೆಂಪ್ಲೇಟ್ ಬರೆಯಬೇಕು. ಮುಂದೆ ದೊಡ್ಡಕ್ಷರದ 'ಎಸ್‌ಎಂಟಿಪಿ:' ಇದ್ದದ್ದು ಪ್ರೈಮರಿ, ಸಣ್ಣಕ್ಷರದಲ್ಲಿದ್ದದ್ದು ಸೆಕೆಂಡರಿ.

ಹಾಗಾದರೆ ಯಾಕೆ ಜಾರಿದರು? ಗೆಟ್-ಇಮೇಲ್‌ಅಡ್ರೆಸ್‌ಪಾಲಿಸಿ ಹೊಡೆದು ಹೆಸರು, ಪ್ರಯಾರಿಟಿ, ರಿಸಿಪಿಯೆಂಟ್‌ಫಿಲ್ಟರ್, ರಿಸಿಪಿಯೆಂಟ್‌ಫಿಲ್ಟರ್‌ಟೈಪ್, ರಿಸಿಪಿಯೆಂಟ್‌ಕಂಟೇನರ್ ಇವುಗಳನ್ನು ನೋಡಿ. ನಾನು ಪಂದ್ಯ ಕಟ್ಟುವುದಾದರೆ ಡಿಪಾರ್ಟ್‌ಮೆಂಟ್ ಮೇಲೆ ಕಟ್ಟುತ್ತೇನೆ. ಪಾಲಿಸಿಯಲ್ಲಿ ಡಿಪಾರ್ಟ್‌ಮೆಂಟ್ 'ಪ್ರೊಡಕ್ಷನ್' ಅಂತ ಹಾಕಿರುತ್ತೀರಿ, ಎಚ್‌ಆರ್‌ನವರು ಅಕೌಂಟಿನಲ್ಲಿ 'ಪ್ರೊಡ್' ಅಂತಲೋ 'ಪ್ರೊಡಕ್ಷನ್ ಡಿಪಾರ್ಟ್‌ಮೆಂಟ್' ಅಂತಲೋ ಬರೆದಿರುತ್ತಾರೆ. ಫಿಲ್ಟರಿಗೆ ಅಂದಾಜು ಗೊತ್ತಿಲ್ಲ, ಅಕ್ಷರ ಅಕ್ಷರ ಹೊಂದಬೇಕು. ಇನ್ನೊಂದು ಸಾಮಾನ್ಯ ಕಾರಣ ಕಂಟೇನರ್. ಪಾಲಿಸಿಯನ್ನು ಒಂದು ಓಯುಗೆ (ಡೈರೆಕ್ಟರಿಯಲ್ಲಿ ಅಕೌಂಟ್‌ಗಳನ್ನು ಇಡುವ ಫೋಲ್ಡರಿನಂಥದ್ದು) ಕಟ್ಟಿಹಾಕಿ, ಹೊಸ ಹುಡುಗರನ್ನು ಬೇರೆ ಓಯುನಲ್ಲಿ ಮಾಡಿದ್ದರೆ ಪಾಲಿಸಿಗೆ ಅವರು ಕಾಣುವುದೇ ಇಲ್ಲ. ಅಡ್ಮಿನ್ ಸೆಂಟರ್‌ನಲ್ಲಿ ಪಾಲಿಸಿ ತಿದ್ದುವ ಜಾಗದಲ್ಲೇ ಇದು ಯಾರ್ಯಾರಿಗೆ ತಾಗುತ್ತದೆ ಎಂದು ತೋರಿಸುವ ಪ್ರಿವ್ಯೂ ಇದೆ. ಅದನ್ನು ಒತ್ತಿ ನೋಡುವುದಕ್ಕೆ ಒಂದು ನಿಮಿಷ ಸಾಕು, ಆದರೂ ನಾವ್ಯಾರೂ ಒತ್ತುವುದಿಲ್ಲ.

ಫಿಲ್ಟರ್‌ಟೈಪ್ ಮುಂದೆ 'ಲೆಗಸಿ' ಅಂತ ಯಾವುದಾದರೂ ಕಂಡರೆ ಅದು 2003ರ ಕಾಲದಿಂದ ಬಂದ ನೆಂಟ. ಅದರ ಫಿಲ್ಟರ್ ಹಳೆಯ ಎಲ್‌ಡ್ಯಾಪ್ ಭಾಷೆಯಲ್ಲಿದೆ, 2007ರಿಂದ ಈಚೆಗೆ ಓಪಾತ್ ಅನ್ನುವ ಬೇರೆ ಭಾಷೆ. ಅದನ್ನು ತಿದ್ದಲು ಹೋದರೆ ಮೊದಲು ಅಪ್‌ಗ್ರೇಡ್ ಮಾಡು ಅನ್ನುತ್ತದೆ. ಸೆಟ್-ಇಮೇಲ್‌ಅಡ್ರೆಸ್‌ಪಾಲಿಸಿಗೆ ಫೋರ್ಸ್‌ಅಪ್‌ಗ್ರೇಡ್ ಸ್ವಿಚ್ ಮತ್ತು ಹೊಸ ಫಿಲ್ಟರ್ ಕೊಟ್ಟು ಬದಲಿಸಿ. ಡಿಫಾಲ್ಟ್ ಪಾಲಿಸಿಯಾದರೆ ಇನ್‌ಕ್ಲೂಡೆಡ್‌ರಿಸಿಪಿಯೆಂಟ್ಸ್ ಆಲ್‌ರಿಸಿಪಿಯೆಂಟ್ಸ್ ಸಾಕು. ಜೊತೆಗೆ ಏಲಿಯಾಸ್‌ನಲ್ಲಿ ಸ್ಪೇಸ್ ಇರುವ ಹಳಬರು ಯಾರಾದರೂ ಇದ್ದಾರಾ ನೋಡಿ. 2003 ಅದನ್ನು ಸುಮ್ನೆ ಬಿಟ್ಟುಬಿಡುತ್ತಿತ್ತು, ಈಗಿನದು ಬಿಡುವುದಿಲ್ಲ, ಪಾಲಿಸಿ ಅಪ್ಲೈ ಆಗುವಾಗ ಅಂಥವರ ಹೆಸರು ಹೇಳಿ ಎರರ್ ಕೊಡುತ್ತದೆ. ಏಲಿಯಾಸ್ ತಿದ್ದಿ ಮತ್ತೆ ಓಡಿಸಿ.

ಇನ್ನು ಏನೂ ಬರದ ಆ ಇಬ್ಬರು. ಅವರನ್ನು ಮಾಡಿದ್ದು ಎಕ್ಸ್‌ಚೇಂಜ್‌ನಿಂದ ಅಲ್ಲ, ಆ್ಯಕ್ಟಿವ್ ಡೈರೆಕ್ಟರಿಯ ಯೂಸರ್ಸ್ ಆ್ಯಂಡ್ ಕಂಪ್ಯೂಟರ್ಸ್ ಕಿಟಕಿಯಿಂದ ಅಥವಾ ಯಾವುದೋ ಸ್ಕ್ರಿಪ್ಟ್‌ನಿಂದ. ಅಲ್ಲಿ 'ಇಮೇಲ್' ಅಂತ ಒಂದು ಬಾಕ್ಸ್ ಇದೆಯಲ್ಲ, ಅದರಲ್ಲಿ ಚೆನ್ನಾಗಿ ಟೈಪ್ ಮಾಡಿರುತ್ತಾರೆ, ನೋಡಿದರೆ ಐಡಿ ಇದ್ದ ಹಾಗೇ ಕಾಣುತ್ತದೆ. ಅದು ಬರೀ ಬರಹ. ಮೇಲ್ ತಲುಪಿಸುವಾಗ ಎಕ್ಸ್‌ಚೇಂಜ್ ನೋಡುವುದು ಪ್ರಾಕ್ಸಿಅಡ್ರೆಸೆಸ್ ಅನ್ನುವ ಬೇರೆ ಆಟ್ರಿಬ್ಯೂಟನ್ನು. ಅವರಿಗೆ ಮೇಲ್‌ಬಾಕ್ಸೇ ಇಲ್ಲದಿದ್ದರೆ ಎನೇಬಲ್-ಮೇಲ್‌ಬಾಕ್ಸ್ ಕೊಡಿ, ಪಾಲಿಸಿ ಅಲ್ಲೇ ಕೆಲಸ ಮಾಡುತ್ತದೆ. ಮೇಲ್‌ಬಾಕ್ಸ್ ಇದ್ದು ವಿಳಾಸ ಮಾತ್ರ ಅರ್ಧಂಬರ್ಧ ಇದ್ದರೆ ಅಪ್‌ಡೇಟ್-ರಿಸಿಪಿಯೆಂಟ್ ಅನ್ನುವ ಕಮಾಂಡ್ ಇದೆ, ಒಬ್ಬೊಬ್ಬರಿಗೆ ಓಡಿಸಬಹುದು.

ಸ್ಕ್ರಿಪ್ಟ್ ಇದ್ದರೆ ಅದನ್ನು ತೆರೆದು ಎರಡು ಕಡೆ ಕಣ್ಣು ಹಾಯಿಸಿ. ನ್ಯೂ-ಮೇಲ್‌ಬಾಕ್ಸ್ ಜೊತೆ ಪ್ರೈಮರಿಎಸ್‌ಎಂಟಿಪಿಅಡ್ರೆಸ್ ಕೊಟ್ಟಿದ್ದಾರಾ? ಕೊಟ್ಟರೆ ಎಕ್ಸ್‌ಚೇಂಜ್ 'ಓಹೋ, ಇವರ ವಿಳಾಸ ಕೈಯಿಂದ ನೋಡಿಕೊಳ್ಳುತ್ತಾರೆ' ಅಂದುಕೊಂಡು ಆ ಮೇಲ್‌ಬಾಕ್ಸಿನ ಪಾಲಿಸಿ ಟಿಕ್ ತೆಗೆದುಬಿಡುತ್ತದೆ. ಇಮೇಲ್‌ಅಡ್ರೆಸ್‌ಪಾಲಿಸಿಎನೇಬಲ್ಡ್ ಫಾಲ್ಸ್ ಆಗಿರುತ್ತದೆ. ಆಮೇಲೆ ನೀವು ಪಾಲಿಸಿಯನ್ನು ನೂರು ಸಲ ಅಪ್ಲೈ ಮಾಡಿದರೂ ಅವರ ಹತ್ತಿರ ಸುಳಿಯುವುದಿಲ್ಲ. ಎರಡನೆಯದು ಇನ್ನೂ ಅಪಾಯದ್ದು: ಸ್ಕ್ರಿಪ್ಟ್ ನೇರವಾಗಿ ಪ್ರಾಕ್ಸಿಅಡ್ರೆಸೆಸ್‌ಗೆ ಬರೆಯುತ್ತಿದ್ದರೆ ಆ್ಯಕ್ಟಿವ್ ಡೈರೆಕ್ಟರಿ ಇದು ಇನ್ನೊಬ್ಬರ ಹತ್ತಿರ ಇದೆಯಾ ಅಂತ ಕೇಳುವುದಿಲ್ಲ, ಬರೆದುಕೊಳ್ಳುತ್ತದೆ. ಒಂದೇ ವಿಳಾಸ ಇಬ್ಬರ ಹತ್ತಿರ ಇದ್ದರೆ ಆ ವಿಳಾಸಕ್ಕೆ ಬಂದ ಮೇಲ್ ಇಬ್ಬರಿಗೂ ಹೋಗುವುದಿಲ್ಲ, 5.1.4 ಅನ್ನುವ ಕೋಡಿನ ಜೊತೆ ವಾಪಸ್ ಹೋಗುತ್ತದೆ. ಕಳಿಸಿದವರು ನಿಮ್ಮ ಕಂಪನಿ ಮುಚ್ಚಿತೋ ಏನೋ ಅಂದುಕೊಳ್ಳುತ್ತಾರೆ.

ಟಿಕ್ ಇಲ್ಲದವರನ್ನೆಲ್ಲ ಒಟ್ಟಿಗೆ ಪಟ್ಟಿ ಮಾಡಿ, ಆದರೆ ಎಲ್ಲರಿಗೂ ಟಿಕ್ ಹಾಕಲು ಹೋಗಬೇಡಿ. ಅದರಲ್ಲಿ ಕೆಲವರದ್ದು ಬೇಕಂತಲೇ ತೆಗೆದದ್ದು ಇರುತ್ತದೆ. ಎಂಡಿಗೆ ಚಿಕ್ಕ ಐಡಿ ಬೇಕಿತ್ತು, ಸೇಲ್ಸ್@ ಅನ್ನುವ ಮೇಲ್‌ಬಾಕ್ಸಿಗೆ ಹೆಸರು ಅಡ್ಡಹೆಸರು ಎರಡೂ ಇಲ್ಲ, ಹೀಗೆ.

ಈಗ ಮಂಜುನಾಥ್ ಅವರ ವಿಷಯಕ್ಕೆ ಬರೋಣ. ಇದುವರೆಗೆ ಹೇಳಿದ್ದೆಲ್ಲ ಅರ್ಧ ದಿನದ ಕೆಲಸ. ನಿಜವಾದ ತಲೆನೋವು ಹೆಸರಿನದ್ದು, ಅದನ್ನು ಯಾವ ಕಮಾಂಡೂ ಬಿಡಿಸುವುದಿಲ್ಲ.

ಟೆಂಪ್ಲೇಟಿನಲ್ಲಿ %ಜಿ ಅಂದರೆ ಫಸ್ಟ್ ನೇಮ್ ಬಾಕ್ಸ್, %ಎಸ್ ಅಂದರೆ ಲಾಸ್ಟ್ ನೇಮ್ ಬಾಕ್ಸ್, %ಎಂ ಅಂದರೆ ಏಲಿಯಾಸ್, %ಡಿ ಅಂದರೆ ಡಿಸ್‌ಪ್ಲೇ ನೇಮ್. ನಡುವೆ ಅಂಕಿ ಹಾಕಿದರೆ ಅಷ್ಟೇ ಅಕ್ಷರ, ಅಂದರೆ %1ಎಸ್ ಲಾಸ್ಟ್ ನೇಮಿನ ಮೊದಲ ಅಕ್ಷರ. ನೀವು 'ಹೆಸರು.ಇನಿಷಿಯಲ್' ಅಂದದ್ದಕ್ಕೆ %ಜಿ.%1ಎಸ್ ಹಾಕಿರುತ್ತೀರಿ, ಅಲ್ವಾ?

ಇದನ್ನು ಮಾಡಿದವರ ತಲೆಯಲ್ಲಿ ಎಲ್ಲರಿಗೂ ಒಂದು ಹೆಸರು, ಒಂದು ಮನೆತನದ ಹೆಸರು ಇರುತ್ತದೆ ಅನ್ನುವ ಲೆಕ್ಕ. ನಿಮ್ಮ ಹುಬ್ಬಳ್ಳಿಯಲ್ಲಿ ಅದು ಅರ್ಧ ಸರಿ. ಹಿರೇಮಠ, ಪಾಟೀಲ, ಕುಲಕರ್ಣಿ, ಹೊಸಮನಿ ಎಲ್ಲರಿಗೂ ಅಡ್ಡಹೆಸರು ಇದೆ. ಆದರೆ ಮೈಸೂರು, ತುಮಕೂರು ಕಡೆಯಿಂದ ಬಂದ ಕೆ. ಆರ್. ಮಂಜುನಾಥ್‌ಗೆ ಅಡ್ಡಹೆಸರು ಅನ್ನುವುದೇ ಇಲ್ಲ, ಕೆ ಅಂದರೆ ಊರು, ಆರ್ ಅಂದರೆ ಅಪ್ಪ. ಅವರಿಗೆ ಲಾಸ್ಟ್ ನೇಮ್ ಬಾಕ್ಸಿನಲ್ಲಿ ಏನು ಹಾಕಬೇಕು? ಒಬ್ಬ ಎಚ್‌ಆರ್ 'ಕೆ ಆರ್' ಅಂತ ಹಾಕುತ್ತಾರೆ, ಇನ್ನೊಬ್ಬರು ಖಾಲಿ ಬಿಡುತ್ತಾರೆ, ಮತ್ತೊಬ್ಬರು 'ಕೆ.ಆರ್.' ಅಂತ ಚುಕ್ಕೆ ಸಮೇತ ಬರೆಯುತ್ತಾರೆ, ಫಾರಂ ಖಾಲಿ ಬಿಡಲು ಒಪ್ಪದಿದ್ದರೆ ಮಂಜುನಾಥ್ ಅನ್ನೇ ಎರಡೂ ಕಡೆ ಹಾಕುವವರನ್ನೂ ನೋಡಿದ್ದೇನೆ. ವಿಳಾಸ ಕೆಟ್ಟಿದ್ದು ಸರ್ವರಿನಲ್ಲಿ ಅಲ್ಲ, ಈ ಬಾಕ್ಸಿನಲ್ಲಿ.

ಇನ್ನು ಆ 2. ಹುಟ್ಟಬೇಕಾದ ವಿಳಾಸ ಆಗಲೇ ಇನ್ನೊಬ್ಬರ ಹತ್ತಿರ ಇದ್ದರೆ ಎಕ್ಸ್‌ಚೇಂಜ್ ಹಿಂದೆ ಒಂದು ಅಂಕಿ ಸೇರಿಸಿ ಮುಂದೆ ಹೋಗುತ್ತದೆ. ನಿಮ್ಮಲ್ಲಿ ಈಗಾಗಲೇ ಒಬ್ಬ ಮಂಜುನಾಥ್ ಕೆ ಇದ್ದಾರೆ, ಇಲ್ಲವೇ ಬಿಟ್ಟುಹೋದವರೊಬ್ಬರ ಮೇಲ್‌ಬಾಕ್ಸ್ ಇನ್ನೂ ಹಾಗೇ ಇದೆ. ನಿಮ್ಮ ಟೆಂಪ್ಲೇಟಿನಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಬಸವರಾಜ ಹಿರೇಮಠ, ಬಸವರಾಜ ಹೊಸಮನಿ, ಬಸವರಾಜ ಹೂಗಾರ, ಮೂವರೂ 'ಬಸವರಾಜ್.ಎಚ್' ಆಗುತ್ತಾರೆ. ಮೊದಲು ಸೇರಿದವರಿಗೆ ಒಳ್ಳೆಯ ಐಡಿ, ಉಳಿದವರಿಗೆ ಬಾಲ. ಸಿಟ್ಟಿನ ಮಾತು ಬಿಡಿ, ಒಬ್ಬರ ಸಂಬಳದ ಚೀಟಿ ಇನ್ನೊಬ್ಬರಿಗೆ ಹೋಗುವುದು ಇಂಥಲ್ಲೇ. ಹಾಗಾಗಿ ನನ್ನ ಮಾತು ಕೇಳುವುದಾದರೆ %1ಎಸ್ ಬಿಡಿ, ಪೂರ್ತಿ %ಎಸ್ ಹಾಕಿ. ಅಡ್ಡಹೆಸರು ಇರುವವರಿಗೆ ಬಸವರಾಜ್.ಹಿರೇಮಠ್ ಬರುತ್ತದೆ. ಇಲ್ಲದವರಿಗೆ ಲಾಸ್ಟ್ ನೇಮ್ ಬಾಕ್ಸಿನಲ್ಲಿ ಇನಿಷಿಯಲ್‌ಗಳನ್ನು ಚುಕ್ಕೆ, ಸ್ಪೇಸ್ ಇಲ್ಲದೆ ಒಟ್ಟಿಗೆ ಬರೆಯಿರಿ, ಮಂಜುನಾಥ್.ಕೆಆರ್ ಬರುತ್ತದೆ. ಖಾಲಿ ಮಾತ್ರ ಬಿಡಬೇಡಿ. ಮ್ಯಾನೇಜ್‌ಮೆಂಟಿಗೆ 'ಹೆಸರು.ಇನಿಷಿಯಲ್'ನಿಂದ ಒಂದು ಹೆಜ್ಜೆ ಸರಿಯಿರಿ ಎಂದು ಹೇಳಬೇಕಾಗುತ್ತದೆ, ಆ ಮೂವರು ಬಸವರಾಜರ ಉದಾಹರಣೆ ಕೊಟ್ಟರೆ ಒಪ್ಪುತ್ತಾರೆ.

ಫಸ್ಟ್ ನೇಮ್, ಲಾಸ್ಟ್ ನೇಮ್ ಬಾಕ್ಸುಗಳಲ್ಲಿ ಕನ್ನಡ ಅಕ್ಷರ ಬೇಡ. ಅಭಿಮಾನ ನನಗೂ ಇದೆ, ಅದನ್ನು ಡಿಸ್‌ಪ್ಲೇ ನೇಮಿನಲ್ಲಿ ತೋರಿಸಿ, ಔಟ್‌ಲುಕ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಹೊರಗಿನವರ ಕನ್ನಡ ಲಿಪಿಯ ವಿಳಾಸಕ್ಕೆ ಹೋಗುವ ಮೇಲನ್ನು ಎಕ್ಸ್‌ಚೇಂಜ್ 2019 ಸಾಗಿಸಬಲ್ಲದು, ಆದರೆ ಪಾಲಿಸಿಯಿಂದ ಹುಟ್ಟಿಸುವ ಐಡಿಗಳಿಗೆ ಇಂಗ್ಲಿಷ್ ಅಕ್ಷರವೇ ಕ್ಷೇಮ.

ಮಂಜುನಾಥ್ ಅವರನ್ನು ಸಮಾಧಾನ ಮಾಡಬೇಕಾದರೆ ಅವರೊಬ್ಬರ ಪಾಲಿಸಿ ಟಿಕ್ ತೆಗೆದು ಪ್ರೈಮರಿ ವಿಳಾಸ ಕೈಯಿಂದ ಕೊಡಿ. ಟಿಕ್ ಇಟ್ಟುಕೊಂಡೇ ಪ್ರೈಮರಿ ಬದಲಿಸಲು ಹೋದರೆ ಎರರ್ ಬರುತ್ತದೆ. ಕೆ2 ವಿಳಾಸವನ್ನು ಅಳಿಸಬೇಡಿ, ಆಗಲೇ ಯಾರಿಗೋ ಕೊಟ್ಟಿರುತ್ತಾರೆ.

ಇಷ್ಟು ಬರೆದ ಮೇಲೆ ಕ್ಲೌಡ್ ವಿಷಯ ಬಿಡುವ ಹಾಗಿಲ್ಲ, ಯಾಕೆಂದರೆ ಎಕ್ಸ್‌ಚೇಂಜ್ 2019ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀವು ಆಫೀಸಿನಲ್ಲೇ ನಡೆಯುವ ಸಬ್‌ಸ್ಕ್ರಿಪ್ಷನ್ ಎಡಿಷನ್‌ಗೆ ಹೋಗಬೇಕು, ಇಲ್ಲ ಕ್ಲೌಡ್‌ನ ಎಕ್ಸ್‌ಚೇಂಜ್ ಆನ್‌ಲೈನ್‌ಗೆ. ಸಬ್‌ಸ್ಕ್ರಿಪ್ಷನ್ ಎಡಿಷನ್‌ನಲ್ಲಿ ಈ ಪಾಲಿಸಿಗಳು ಹೀಗೇ ಇರುತ್ತವೆ. ಆನ್‌ಲೈನ್‌ಗೆ ಹೈಬ್ರಿಡ್ ದಾರಿಯಲ್ಲಿ, ಅಂದರೆ ಆಫೀಸಿನ ಸರ್ವರನ್ನು ಕ್ಲೌಡ್‌ಗೆ ಜೋಡಿಸಿಕೊಂಡು, ಹೋಗುವುದಾದರೆ, ಹೈಬ್ರಿಡ್ ವಿಝಾರ್ಡ್ ನಿಮ್ಮ ಪಾಲಿಸಿಗೆ ಇನ್ನೊಂದು ವಿಳಾಸ ಸೇರಿಸುತ್ತದೆ, ಕೊನೆಯಲ್ಲಿ 'ಮೇಲ್ ಡಾಟ್ ಆನ್‌ಮೈಕ್ರೋಸಾಫ್ಟ್ ಡಾಟ್ ಕಾಮ್' ಇರುವಂಥದ್ದು. ಟಿಕ್ ಇದ್ದವರಿಗೆ ಅದು ಬರುತ್ತದೆ, ಇಲ್ಲದವರಿಗೆ ಬರುವುದಿಲ್ಲ. ಬರದವರ ಮೇಲ್‌ಬಾಕ್ಸ್ ಸಾಗಿಸಲು ಹೋದಾಗ ಸರಿಯಾದ ಪ್ರಾಕ್ಸಿ ವಿಳಾಸ ಇಲ್ಲ ಅಂತ ಮೂವ್ ನಿಂತುಬಿಡುತ್ತದೆ. ಆಗ ರಾತ್ರಿ ಹನ್ನೊಂದಕ್ಕೆ ಹುಡುಕುವ ಬದಲು ಟಿಕ್ ಇಲ್ಲದವರ ಪಟ್ಟಿಯನ್ನು ಈಗ ಮಾಡಿದ್ದೀರಲ್ಲ, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅವರಿಗೆ ಆ ಒಂದು ವಿಳಾಸವನ್ನು ಕೈಯಿಂದ ಸೇರಿಸಿದರೆ ಸಾಕು. ಆನ್‌ಲೈನ್‌ನಲ್ಲಿ ಇಮೇಲ್ ಅಡ್ರೆಸ್ ಪಾಲಿಸಿ ಇರುವುದು ಮೈಕ್ರೋಸಾಫ್ಟ್ 365 ಗ್ರೂಪ್‌ಗಳಿಗೆ ಮಾತ್ರ, ಮನುಷ್ಯರ ಮೇಲ್‌ಬಾಕ್ಸಿಗೆ ಇಲ್ಲ. ಆಫೀಸಿನ ಡೈರೆಕ್ಟರಿಯಿಂದ ಕ್ಲೌಡ್‌ಗೆ ಸಿಂಕ್ ಇರುವ ತನಕ ಸಾಮಾನ್ಯವಾಗಿ ವಿಳಾಸ ಬದಲಿಸಬೇಕಾದ್ದು ಆಫೀಸಿನ ಡೈರೆಕ್ಟರಿಯಲ್ಲೇ.

ನಾಳೆ ಬೆಳಿಗ್ಗೆ ಮಾಡಬೇಕಾದದ್ದು ಹೀಗೆ. ಸಿಎಸ್‌ವಿ ಇಳಿಸಿಕೊಳ್ಳಿ. ಲೋಕಲ್ ಐಡಿ ಬಂದವರಲ್ಲಿ ಒಬ್ಬರನ್ನು ಹಿಡಿದು ಅವರ ಡಿಪಾರ್ಟ್‌ಮೆಂಟ್, ಓಯು ಎರಡನ್ನೂ ಫಿಲ್ಟರಿನ ಪಕ್ಕ ಇಟ್ಟು ನೋಡಿ. ಒಂದು ಟೆಸ್ಟ್ ಓಯು ಮಾಡಿ, ಮೂರು ಸುಳ್ಳು ಹೆಸರು ಹಾಕಿ: ಅಡ್ಡಹೆಸರು ಇರುವವರೊಬ್ಬರು, ಇನಿಷಿಯಲ್ ಮಾತ್ರ ಇರುವವರೊಬ್ಬರು, ಹಳೆಯ ಉದ್ಯೋಗಿಯ ಹೆಸರೇ ಇರುವವರೊಬ್ಬರು. ಹೊಸ ಟೆಂಪ್ಲೇಟನ್ನು ಆ ಓಯುಗೆ ಮಾತ್ರ ಕಟ್ಟಿ ಅಪ್ಲೈ ಮಾಡಿ. ಮೂರೂ ನಿಮಗೆ ಬೇಕಾದ ಹಾಗೆ ಬಂದರೆ ಉಳಿದ 450 ಜನರ ಮೇಲೆ ಓಡಿಸಿ, ಅದೂ ಮಂಗಳವಾರವೋ ಬುಧವಾರವೋ. ಶುಕ್ರವಾರ ಸಂಜೆ ಬೇಡ.